ರೀಲು ಬಿಡುವ ಮುನ್ನ

ಕನ್ನಡದಲ್ಲಿ ‘ರೀಲು ಬಿಡುವುದು’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗೇಣನ್ನು ಒಂದು ಮಾರು ಮಾಡಿ ಹೇಳುವ ಕಲೆ ಅದು. ಈಚೆಗೆ ಮೊಬೈಲಿನಲ್ಲಿ ‘ರೀಲ್ಸ್’ ಬಂದ ಮೇಲಂತೂ ಆ ಮಾತಿಗೆ ಇನ್ನೊಂದು ಅರ್ಥ ಕೂಡಿಕೊಂಡಿದೆ. ಆದ್ದರಿಂದ ದಾವಣಗೆರೆಯ ಒಂದು ಮನೆಯಲ್ಲಿ, ದೀಪಾವಳಿ ಕಳೆದ ಮರುದಿನ ಬೆಳಿಗ್ಗೆ, ನಾಲ್ಕು ತಿಂಗಳಿಂದ ಸರಿಯಾಗಿ ಮಾತೇ ಆಡದಿದ್ದ ಮಗ ‘ಅಪ್ಪಾಜಿ, ನನಗೊಂದು ರೀಲು ಬೇಕಿತ್ತು’ ಎಂದಾಗ ಅಪ್ಪನಿಗೆ ತಲೆಬುಡ ತಿಳಿಯದೇ ಹೋದುದು ಸಹಜವೇ. ಅವರದು ಟೈಲರುಗಳಿಗೆ ಗುಂಡಿ, ಜಿಪ್ಪು, ದಾರ ಮಾರುವ ಅಂಗಡಿ. ರೀಲು ಎಂದರೆ ಅವರಿಗೆ ಹೊಲಿಗೆ ದಾರದ ರೀಲು.

‘ಯಾವ ಬಣ್ಣದ್ದಲೇ?’ ಎಂದರು.

‘ಆ ರೀಲಲ್ರಿ. ಮೀನು ಹಿಡಿಯೋದು.’

ಒಲೆಯ ಮುಂದಿದ್ದ ಅಮ್ಮ ದೋಸೆ ತಿರುವುವುದನ್ನು ಮರೆತು ನಿಂತರು. ಬೇರೆ ಮನೆಯಲ್ಲಾಗಿದ್ದರೆ ಇದು ನಕ್ಕು ಬಿಡುವ ಮಾತು. ಈ ಮನೆಯಲ್ಲಿ ಹಾಗಿರಲಿಲ್ಲ.

ಜೂನ್ ತಿಂಗಳಲ್ಲಿ ನೀಟ್ ಪರೀಕ್ಷೆಯ ಫಲಿತಾಂಶ ಬಂದಿತ್ತು. ವೈದ್ಯಕೀಯ ಸೀಟಿನ ಹತ್ತಿರಕ್ಕೂ ಸುಳಿಯದ ಅಂಕಗಳು. ಎರಡು ವರ್ಷದ ಕೋಚಿಂಗ್ ಫೀಸಿಗಾಗಿ ಅಮ್ಮನ ಎರಡೆಳೆ ಸರ ಸೊಸೈಟಿಯ ಕಪಾಟು ಸೇರಿತ್ತು. ಅಂದು ಸಂಜೆ ಅಪ್ಪ ಹೆಚ್ಚೇನೂ ಕೂಗಾಡಲಿಲ್ಲ. ‘ನಿನ್ನ ಕೈಲಿ ಏನೂ ಆಗಂಗಿಲ್ಲ ಬಿಡು’ ಎಂದು ಅಂಗಡಿಗೆ ಹೋದರು. ಐದೇ ಐದು ಪದ. ಹುಡುಗ ಅಂದಿನಿಂದ ಊಟಕ್ಕೆ ಕರೆದರೆ ಬಂದ, ಕೇಳಿದ್ದಕ್ಕೆ ‘ಹೂಂ’ ಎಂದ, ಮತ್ತೆ ಕೋಣೆಯ ಬಾಗಿಲು ಹಾಕಿಕೊಂಡ. ಜೊತೆಗೆ ಓದಿದ ಗೆಳೆಯ ಸೀಟು ಸಿಕ್ಕಿ ಬೆಂಗಳೂರಿಗೆ ಹೊರಟಾಗ ತನ್ನ ಫೈಬರಿನ ಗಾಳದ ಕೋಲನ್ನು ಇವನಿಗೆ ಬಿಟ್ಟುಹೋದ. ರೀಲು ಇಲ್ಲದ ಬರೀ ಕೋಲು.

ಮಳೆಗಾಲ ಇಳಿಯುತ್ತಲೇ ಹುಡುಗ ಬಸ್ಸು ಹತ್ತಿ ಹರಿಹರಕ್ಕೆ ಹೋಗತೊಡಗಿದ್ದ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ‘ನಿಮ್ಮ ಹುಡುಗ ಹೊಳೆ ದಂಡ್ಯಾಗೆ ಒಬ್ಬನೇ ಕುಂತಿದ್ದ’ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದಾಗ ಅಪ್ಪನ ಕೈಯಲ್ಲಿದ್ದ ಗುಂಡಿಯ ಡಬ್ಬಿ ಜಾರಿತು. ಪರೀಕ್ಷೆಯಲ್ಲಿ ಸೋತ ಹುಡುಗ, ಒಬ್ಬನೇ, ತುಂಗಭದ್ರೆಯ ದಂಡೆಯಲ್ಲಿ. ಈ ಮೂರನ್ನೂ ಒಟ್ಟಿಗೆ ಯೋಚಿಸಿದ ಯಾವ ಅಪ್ಪನಿಗೂ ಆ ರಾತ್ರಿ ನಿದ್ದೆ ಬರುವುದಿಲ್ಲ.

ಹೀಗಾಗಿ ರೀಲಿನ ಮಾತು ಬಂದಾಗ ಅಮ್ಮನೇ ತೀರ್ಪು ಕೊಟ್ಟರು. ‘ಕೊಡಸ್ರಿ. ಹೊಳಿಗೆ ಹೋಗಾದೇ ಆದ್ರೆ ಜೊತಿಗೆ ನೀವೂ ಹೋಗ್ರಿ.’

ಹುಡುಗ ಮೊಬೈಲಿನಲ್ಲಿ ತೋರಿಸಿದ ರೀಲಿನ ಬೆಲೆ 6,400 ರೂಪಾಯಿ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು, ಸೊನ್ನೆ ಕಡಿಮೆಯಾಗಲಿಲ್ಲ. ‘ಎಲ್ಲಾ ಸೇರಿ ಎರಡೂವರೆ ಸಾವಿರ. ಅದರ ಮ್ಯಾಲೆ ಒಂದು ರೂಪಾಯಿ ಇಲ್ಲ’ ಎಂದರು. ಜೊತೆಗೆ ಕರಾರುಗಳು: ಒಬ್ಬನೇ ಹೋಗಕೂಡದು, ನೀರಿಗೆ ಇಳಿಯಕೂಡದು, ಕತ್ತಲಾಗುವ ಮೊದಲು ಮನೆ ಸೇರಬೇಕು, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ಅವರು ಬೇಡವೆಂದ ಕಡೆ ಗಾಳ ಹಾಕಕೂಡದು. ಈ ಕೊನೆಯ ಕರಾರು ಸುಮ್ಮನೆ ಬಂದದ್ದಲ್ಲ. ಅದೇ ಹೊಳೆಯ ಕೆಳಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಲಾಗಿದೆ. ಮೇಲ್ಭಾಗದಲ್ಲಿ ಶೃಂಗೇರಿಯ ಮೀನುಗಳನ್ನಂತೂ ಯಾರೂ ಮುಟ್ಟುವ ಹಾಗಿಲ್ಲ. ಹೊಳೆ ಒಂದೇ ಆದರೂ ಎಲ್ಲ ಕಡೆಯೂ ಒಂದೇ ನ್ಯಾಯವಲ್ಲ.

ಅಂಗಡಿಯವನು ಮೇಜಿನ ಮೇಲೆ ನಾಲ್ಕೈದು ರೀಲುಗಳನ್ನು ಹರಡಿದ. ‘ಯಾವ ಮೀನಿಗೆ?’ ಎಂದು ಕೇಳಿದ. ಹುಡುಗ ‘ಬಾಳೆಮೀನಿಗೆ’ ಎಂದ. ಬಾಳೆಹಣ್ಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮೀಸೆಯಿರುವ, ಹುರುಪೆಯಿಲ್ಲದ ಮೀನುಗಳ ಬಳಗಕ್ಕೆ ಸೇರಿದ ದೊಡ್ಡ ಬೇಟೆಗಾರ ಅದು. ಶಾಸ್ತ್ರಜ್ಞರು ವಲ್ಲಾಗೊ ಅಟ್ಟು ಎನ್ನುತ್ತಾರೆ. ಕೆರೆಯ ಕೆಸರಿನಲ್ಲಿ ಸಿಗುವ ಮುರುಗೋಡು ಮೀನಿಗೆ ನಾಲ್ಕು ಜೊತೆ ಮೀಸೆಯಾದರೆ ಇದಕ್ಕೆ ಎರಡೇ ಜೊತೆ. ಆದರೆ ಬಾಯಿ ಮಾತ್ರ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿಕೊಂಡಿರುತ್ತದೆ, ಒಳಗೆ ಸಾಲು ಸಾಲು ಸಣ್ಣ ಹಲ್ಲು. ಒಂದು ಮೀಟರಿಗಿಂತ ಉದ್ದಕ್ಕೂ ಬೆಳೆಯಬಲ್ಲದು. ಹಗಲೆಲ್ಲ ಮಡುವಿನ ತಳದಲ್ಲಿ ಮಲಗಿ, ಬೆಳಕು ಕುಂದಿದ ಮೇಲೆ ಬೇಟೆಗೆ ಹೊರಡುವ ಜೀವ. ಇಂಥದ್ದಕ್ಕೆ ಬೇಕಾದ ರೀಲು ಬೆಳ್ಳಿಯಂತೆ ಹೊಳೆಯಬೇಕಾಗಿಲ್ಲ, ಕೈಕೊಡದಿದ್ದರೆ ಸಾಕು.

ಅಂಗಡಿಯವನು ಮೊದಲು ಎತ್ತಿದ್ದು 900 ರೂಪಾಯಿಯ ಫಳಫಳ ಹೊಳೆಯುವ ರೀಲು. ‘13 ಬೇರಿಂಗ್ ಐತಿ ಸಾರ್’ ಎಂದ. ಪಕ್ಕದಲ್ಲಿ 1,850ರ ಇನ್ನೊಂದು ಇತ್ತು. ಕಪ್ಪು ಬಣ್ಣ, ಬರೀ ಮೂರು ಬೇರಿಂಗ್. ಹುಡುಗನ ಕಣ್ಣು ಹೊಳೆಯುವುದರ ಮೇಲೆ. 13 ದೊಡ್ಡದೋ 3 ದೊಡ್ಡದೋ ಎಂಬ ಲೆಕ್ಕ ಒಂದನೇ ತರಗತಿಯದಲ್ಲವೆ?

ಅಪ್ಪ ಮಾತಾಡಲಿಲ್ಲ. ಕಪ್ಪು ರೀಲನ್ನು ಕೈಗೆತ್ತಿಕೊಂಡು ಹಿಡಿಯನ್ನು ನಿಧಾನವಾಗಿ ತಿರುಗಿಸಿದರು. ಕಿವಿಯ ಹತ್ತಿರ ಹಿಡಿದರು. ದಾರ ಸುತ್ತುವ ಸುರುಳಿಯನ್ನು ಬೆರಳಿನಿಂದ ತಟ್ಟಿದರು. ಮುಖದಲ್ಲಿ ಏನೋ ಬದಲಾಯಿತು.

‘ಇದು ಬಾಬಿನ್ ಅಲ್ಲೇನಲೇ?’ ಎಂದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೈರನ್ ಕೇಳಿಯೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಅಪ್ಪ ಹದಿನೆಂಟರ ವಯಸ್ಸಿಗೆ ಅಂಥದೊಂದು ಗಿರಣಿಯ ವೈಂಡಿಂಗ್ ಖಾತೆಗೆ ಸೇರಿ, ಸಣ್ಣ ಬಾಬಿನ್ನುಗಳ ನೂಲನ್ನು ದೊಡ್ಡ ಕೋನುಗಳಿಗೆ ಸುತ್ತುವ ಯಂತ್ರದ ಮುಂದೆ ಹತ್ತು ವರ್ಷ ನಿಂತವರು. ಗಿರಣಿ ಬಾಗಿಲು ಹಾಕಿತು. 1997ರಲ್ಲಿ ಊರು ಜಿಲ್ಲಾ ಕೇಂದ್ರವಾದ ಸಂಭ್ರಮದಲ್ಲಿ ಅವರು ಕೆಲಸ ಹುಡುಕುತ್ತಿದ್ದರು. ಆ ಹತ್ತು ವರ್ಷದ ವಿದ್ಯೆ ಯಾವ ಕೆಲಸಕ್ಕೂ ಬಾರದೆಂದು ತಿಳಿದ ಮೇಲೆ ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಅಪ್ಪ ಗಿರಣಿಯಲ್ಲಿದ್ದರೆಂಬುದು ಮಗನಿಗೆ ಗೊತ್ತಿತ್ತು. ಅಲ್ಲೇನು ಮಾಡುತ್ತಿದ್ದರೆಂದು ಗೊತ್ತಿರಲಿಲ್ಲ.

ಹುಡುಗ ಮೊಬೈಲಿನಲ್ಲಿ ಓದಿದ್ದು ನೆನಪಾಗಿ ತಲೆಯೆತ್ತಿದ. ಈ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಆಲ್‌ಫ್ರೆಡ್ ಇಲಿಂಗ್‌ವರ್ತ್. ಜವಳಿ ಗಿರಣಿಯ ಮಾಲೀಕ. ಗಿರಣಿಯ ಬಾಬಿನ್ನಿನಿಂದ ನೂಲು ಬಿಚ್ಚಿಕೊಳ್ಳುವುದನ್ನು ನೋಡಿಯೇ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಅದಕ್ಕೂ ಮುಂಚಿನ ರೀಲುಗಳಲ್ಲಿ ಗಾಳ ಬೀಸಿದಾಗ ಸುರುಳಿಯೇ ಗಿರಗಿರನೆ ತಿರುಗಬೇಕಿತ್ತು. ಗಾಳ ನೀರಿಗೆ ಬಿದ್ದ ಮೇಲೂ ಸುರುಳಿ ತಿರುಗುತ್ತಲೇ ಇದ್ದರೆ ದಾರವೆಲ್ಲ ಹಕ್ಕಿಗೂಡು. ಇಲಿಂಗ್‌ವರ್ತ್ ಸುರುಳಿಯನ್ನು ಅಲುಗಾಡದಂತೆ ಕೋಲಿನ ದಿಕ್ಕಿಗೆ ನಿಲ್ಲಿಸಿದ. ದಾರ ಅದರ ಬಾಯಿಯಿಂದ ಸುತ್ತು ಸುತ್ತಾಗಿ ತಾನೇ ಕಳಚಿಕೊಳ್ಳುತ್ತದೆ. ಹಿಡಿ ತಿರುಗಿಸಿದರೆ ತಂತಿಯ ಕಮಾನೊಂದು ಸುರುಳಿಯ ಸುತ್ತ ಓಡಿ ದಾರವನ್ನು ಮತ್ತೆ ಸುತ್ತುತ್ತದೆ. ಇದೇ ಸ್ಪಿನ್ನಿಂಗ್ ರೀಲು. ಹೊಸಬರಿಗೆ ಸುಲಭ, ಬೆಲೆಯೂ ಹಗುರ.

‘ನಿಲ್ಲಿಸಿದ ಬಾಬಿನ್ನು, ಓಡೋ ನೂಲು. ನಮ್ಮ ಖಾತ್ಯಾಗೆ ನಡೀತಿದ್ದದ್ದೂ ಇದೇ’ ಎಂದರು ಅಪ್ಪ. ಆಮೇಲೆ ಅವರ ಕೈ ತಾನಾಗಿಯೇ ಕೆಲಸ ಮಾಡಿತು. ಹೊಳೆಯುವ ರೀಲಿನ ಕಮಾನಿನ ತುದಿಯಲ್ಲಿ ದಾರ ಹಾಯುವ ಪುಟ್ಟ ಉರುಳೆ ತಿರುಗುತ್ತಿರಲಿಲ್ಲ. ಉರುಳೆ ತಿರುಗದಿದ್ದರೆ ದಾರ ಒಂದೇ ಜಾಗದಲ್ಲಿ ಉಜ್ಜಿ ಸವೆಯುತ್ತದೆ. ಹಿಡಿ ಅಲ್ಲಾಡುತ್ತಿತ್ತು. ಬೇರಿಂಗಿನ ಸಂಖ್ಯೆ ಡಬ್ಬಿಯ ಮೇಲಿನ ಮಾತು. ಅಗ್ಗದ ಹದಿಮೂರಕ್ಕಿಂತ ಒಳ್ಳೆಯ ಮೂರು ವಾಸಿ. ಕಪ್ಪು ರೀಲಿನ ಸುರುಳಿ ಅಲ್ಯೂಮಿನಿಯಮ್ಮಿನದು, ಹಿಡಿಯಲ್ಲಿ ಅಲುಗಾಟವಿಲ್ಲ, ಉರುಳೆ ಬೆರಳಿಗೆ ಸಲೀಸಾಗಿ ತಿರುಗುತ್ತಿತ್ತು. ಅಳತೆ 4000. ಮಧ್ಯಮ ಗಾತ್ರದ ಬಾಳೆಮೀನಿಗೆ ಅದು ಸಾಕು.

ಸುರುಳಿಯ ತಲೆಯ ಮೇಲಿದ್ದ ತಿರುಪನ್ನು ಅಂಗಡಿಯವನು ‘ಡ್ರ್ಯಾಗ್’ ಎಂದ. ಅದನ್ನು ಬಿಚ್ಚಿದಾಗ ಒಳಗೆ ಒಂದರ ಮೇಲೊಂದು ಬಿಲ್ಲೆಗಳು. ತಿರುಪು ಬಿಗಿ ಮಾಡಿದರೆ ಬಿಲ್ಲೆಗಳು ಒತ್ತಿಕೊಂಡು ಸುರುಳಿ ಜಗ್ಗುವುದಿಲ್ಲ. ಸಡಿಲಿಸಿದರೆ ಮೀನು ಎಳೆದಾಗ ಸುರುಳಿ ಜಾರಿ ದಾರ ಬಿಟ್ಟುಕೊಡುತ್ತದೆ. ಅಪ್ಪ ನಕ್ಕರು. ನಾಲ್ಕು ತಿಂಗಳಲ್ಲಿ ಮಗ ನೋಡಿದ ಮೊದಲ ನಗು ಅದು. ವೈಂಡಿಂಗ್ ಯಂತ್ರದಲ್ಲೂ ನೂಲು ಹೀಗೆಯೇ ಎರಡು ಬಿಲ್ಲೆಗಳ ನಡುವೆ ಹಾಯುತ್ತಿತ್ತು. ಭಾರ ಹೆಚ್ಚಿದರೆ ಎಳೆ ಹರಿಯುತ್ತಿತ್ತು, ಕಡಿಮೆಯಾದರೆ ಕೋನು ಮೆತ್ತಗಾಗಿ ಕುಸಿಯುತ್ತಿತ್ತು. ಅವರು ದಾರ ಕಟ್ಟಿಸಿ, ಅಂಗಡಿಯ ಬಾಗಿಲಿನವರೆಗೆ ಒಂದೇ ಸಮನೆ ಎಳೆದುಕೊಂಡು ನಡೆದರು. ದಾರ ಜರ್ಕು ಹೊಡೆಯದೆ, ಎಣ್ಣೆಯಂತೆ ಬಂತು. ‘ಇದನ್ನ ಕೊಡು’ ಎಂದರು. 6,400 ರೂಪಾಯಿಯ ರೀಲಿನ ಬಗ್ಗೆ ಹುಡುಗ ಮತ್ತೆ ಮಾತೆತ್ತಲಿಲ್ಲ.

ಇನ್ನು ದಾರ. ಹುಡುಗನಿಗೆ ಹೆಣೆದ ದಾರದ ಆಸೆ. ಅದು ತೆಳು, ಬಲು ಗಟ್ಟಿ, ಹಿಗ್ಗುವುದೇ ಇಲ್ಲ. ಆದರೆ ಬೆಲೆ ಹೆಚ್ಚು, ಕಲ್ಲಿಗೆ ಉಜ್ಜಿದರೆ ಬೇಗ ಸೀಳುತ್ತದೆ, ಗಾಬರಿಯಲ್ಲಿ ಬರಿಗೈಯಲ್ಲಿ ಹಿಡಿದರೆ ಬೆರಳನ್ನೇ ಕೊಯ್ಯುತ್ತದೆ. ಒಂಟಿ ಎಳೆಯ ನೈಲಾನ್ ದಾರ ಅಗ್ಗ. ಎಳೆದಾಗ ಒಂದಿಷ್ಟು ಹಿಗ್ಗುವುದರಿಂದ ಹೊಸಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ವಾಲೇಸ್ ಕರೊದರ್ಸ್ ಬಳಗ ನೈಲಾನನ್ನು ರೂಪಿಸುವವರೆಗೆ ಒಳ್ಳೆಯ ಗಾಳದ ದಾರವೆಂದರೆ ರೇಷ್ಮೆಯದು, ಪ್ರತಿಸಲವೂ ಬಿಚ್ಚಿ ಒಣಗಿಸಬೇಕಿತ್ತು. 0.40 ಮಿಲಿಮೀಟರ್ ದಪ್ಪದ ನೈಲಾನ್ ದಾರದ ಉಂಡೆ 250 ರೂಪಾಯಿಗೆ ಬಂತು. ಬಾಳೆಮೀನಿನ ಹಲ್ಲಿಗೆ ಸಿಗುವ ಕೊನೆಯ ಎರಡು ಅಡಿಗೆಂದು 0.70ರ ದಪ್ಪ ದಾರ ಸ್ವಲ್ಪ, ನಾಲ್ಕು ಗಾಳ, ಸೀಸದ ಗುಂಡು. ಒಟ್ಟು 2,310. ಉಳಿದ ಹಣದಲ್ಲಿ ಇಬ್ಬರೂ ಬೆಣ್ಣೆದೋಸೆ ತಿಂದರು. ಮಾತಾಡಿದ್ದು ಕಡಿಮೆಯೇ.

ದಾರದ ಡಬ್ಬಿಯ ಮೇಲೆ ‘18 ಕಿಲೋ ತಡೆಯುತ್ತದೆ’ ಎಂದು ಬರೆದಿತ್ತು. ಗಿರಣಿಯಲ್ಲಿ ಕೆಲಸ ಮಾಡಿದವರು ಚೀಟಿಯನ್ನು ನಂಬುವುದಿಲ್ಲ. ಅಂದು ರಾತ್ರಿ ಹಿತ್ತಲಿನ ತೊಲೆಯಿಂದ ಒಂದು ತುಂಡು ದಾರ ಇಳಿಬಿಟ್ಟು, ಅದರ ತುದಿಗೆ ಬಕೆಟ್ಟು ಕಟ್ಟಿ, ಮಗನ ಕೈಗೆ ಲೀಟರಿನ ಅಳತೆ ಕೊಟ್ಟರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಹುಡುಗ ಎಣಿಸುತ್ತ ಸುರಿದ. ಏಳನೆಯ ಲೀಟರಿಗೆ ದಾರ ಹರಿದು ಬಕೆಟ್ಟು ಧಡ್ಡನೆ ಬಿತ್ತು. ‘ಹದಿನೆಂಟಂತೆ! ದಾರದ ಕಂಪನಿಯವರೂ ರೀಲು ಬಿಡ್ತಾರೆ’ ಎಂದರು ಅಪ್ಪ. ಹುಡುಗ ಮೊದಲ ಸಲ ಗಟ್ಟಿಯಾಗಿ ನಕ್ಕ.

ಆದರೆ ದಾರ ಹರಿದದ್ದು ನಡುವಿನಲ್ಲಲ್ಲ, ಗಂಟಿನಲ್ಲಿ. ಹುಡುಗ ಹಾಕಿದ್ದು ಲಾಡಿಗೆ ಹಾಕುವಂಥ ಗಂಟು. ಇನ್ನೊಂದು ತುಂಡಿಗೆ ಅವನು ಮೊಬೈಲಿನಲ್ಲಿ ನೋಡಿದ್ದ ಗಂಟನ್ನು ಹಾಕಿದರು: ದಾರದ ತುದಿಯನ್ನು ಬಳೆಯಲ್ಲಿ ತೂರಿಸಿ, ಉದ್ದದ ದಾರಕ್ಕೆ ಐದಾರು ಸುತ್ತು ಸುತ್ತಿ, ತುದಿಯನ್ನು ಬಳೆಯ ಪಕ್ಕದ ಸಣ್ಣ ಕಣ್ಣಿನೊಳಗೆ ತೂರಿಸಿ, ಆಗ ಉಂಟಾದ ದೊಡ್ಡ ಕಣ್ಣಿನೊಳಗೂ ತೂರಿಸಿ, ನೀರಲ್ಲಿ ಒದ್ದೆ ಮಾಡಿ, ನಿಧಾನಕ್ಕೆ ಬಿಗಿದರು. ಒಣದಾರವನ್ನು ಬಿಗಿದರೆ ತಿಕ್ಕಾಟದ ಬಿಸಿಗೇ ನೈಲಾನ್ ಸೊರಗುತ್ತದೆ. ಈ ಸಲ ಹತ್ತು ಲೀಟರ್ ತಡೆಯಿತು. ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಡ್ರ್ಯಾಗನ್ನು ದಾರದ ತಾಕತ್ತಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬಿಗಿಯಬಾರದು. ಬಕೆಟ್ಟಿನಲ್ಲಿ ಮೂರು ಲೀಟರ್ ನೀರು ಹಾಕಿ, ರೀಲಿನಿಂದ ಎತ್ತಿ, ಸುರುಳಿ ಆಗಷ್ಟೇ ಜಾರತೊಡಗುವಂತೆ ತಿರುಪು ನಿಲ್ಲಿಸಿದರು. ದಾರವನ್ನು ಸುರುಳಿಯ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ಬರುವಷ್ಟು ಮಾತ್ರ ಸುತ್ತಿದರು. ಬಾಬಿನ್ ತುಂಬಿ ತುಳುಕಿದರೆ ನೂಲು ಗುಪ್ಪೆಗುಪ್ಪೆಯಾಗಿ ಕಳಚುತ್ತದೆಂದು ಗಿರಣಿಯ ಪ್ರತಿ ಕೆಲಸಗಾರನಿಗೂ ಗೊತ್ತು.

ಭಾನುವಾರ ಮಧ್ಯಾಹ್ನ ಇಬ್ಬರೂ ಹರಿಹರದ ದಂಡೆಯಲ್ಲಿದ್ದರು. ಹೊಳೆ ಇಳಿದು ಬಂಡೆಗಳು ಬೆನ್ನು ತೋರಿಸಿದ್ದವು. ಅಲ್ಲೇ ಕೈದಾರ ಹಾಕಿ ಕುಳಿತಿದ್ದ ಅಂಬಿಗರ ಅಜ್ಜ ರೀಲನ್ನು ತಿರುಗಿಸಿ ನೋಡಿ, ‘ಚಲೋ ಐತಿ. ಆದ್ರೆ ಮೀನಿಗೆ ರೇಟು ಗೊತ್ತಾಗಂಗಿಲ್ಲ ತಮ್ಮಾ’ ಎಂದ. ಎರಡು ತಾಸು ಏನೂ ಇಲ್ಲ. ಹುಡುಗ ಗಾಳ ಎಳೆದ, ಎರೆಹುಳು ಬದಲಿಸಿದ, ಮತ್ತೆ ಬೀಸಿದ. ಅಪ್ಪ ನೆರಳಿನಲ್ಲಿ ಕುಳಿತು ಕಾದರು. ಅಂಗಡಿಯಲ್ಲಿ ಗಿರಾಕಿಗಳಿಗಾಗಿ ಕಾದು ರೂಢಿಯಿದ್ದವರಿಗೆ ಇದು ಕಷ್ಟದ ಕೆಲಸವಲ್ಲ.

ಹೊತ್ತು ಇಳಿಯುವಾಗ ಕೋಲಿನ ತುದಿ ಒಮ್ಮೆ ಬಾಗಿತು. ಮರುಕ್ಷಣ ರೀಲು ‘ಕರ್‌ರ್’ ಎಂದು ಕೂಗಿತು. ಸುರುಳಿ ಜಾರಿತು, ದಾರ ಹೋಯಿತು, ನಿಂತಿತು. ಹುಡುಗ ಎದ್ದು ನಿಂತು ಸುತ್ತತೊಡಗಿದ. ಭಾರವಾದದ್ದೇನೋ ತಳದಲ್ಲಿ ಹೊರಳಿತು. ಅಜ್ಜ ‘ಬಾಳೀನೇ!’ ಎಂದ. ಹತ್ತು ಸುತ್ತು, ಇಪ್ಪತ್ತು ಸುತ್ತು. ಆಮೇಲೆ ಕೋಲು ಪಟ್ಟನೆ ನೆಟ್ಟಗಾಯಿತು. ಗಾಳಿಯಲ್ಲಿ ಹಗುರಾದ ದಾರ ಅಲೆಯಿತು.

ಹುಡುಗ ತಿರುಗಿ ನೋಡಲಿಲ್ಲ. ಅವನ ಹೆಗಲು ಕುಸಿದದ್ದು ಅಪ್ಪನಿಗೆ ಹಿಂದಿನಿಂದ ಕಂಡಿತು. ಜೂನ್ ತಿಂಗಳ ಆ ಸಂಜೆ ಕಂಡಿದ್ದೂ ಇದೇ ಹೆಗಲು. ಅದೇ ಐದು ಪದಗಳು ಅವರ ಬಾಯಿಯವರೆಗೆ ಬಂದವು. ಮಾತಿಗೆ ಅಭ್ಯಾಸದ ಬಲವಿರುತ್ತದೆ. ಒಮ್ಮೆ ಆಡಿದ್ದು ಮತ್ತೆ ಅದೇ ದಾರಿ ಹಿಡಿಯುತ್ತದೆ. ಆದರೆ ಆ ಹೊತ್ತಿಗೆ ಅವರ ಕಿವಿಯಲ್ಲಿ ಗಿರಣಿಯ ಹಳೆಯ ಜಾಬರನ ದನಿ ಎದ್ದಿತು. ಎಳೆ ಹರಿದಾಗಲೆಲ್ಲ ಹೊಸ ಹುಡುಗರನ್ನು ಬಯ್ಯಲು ಹೋದವರಿಗೆ ಆತ ಹೇಳುತ್ತಿದ್ದುದು ಒಂದೇ ಮಾತು: ‘ಬಯ್ಯೋದು ಆಮ್ಯಾಲೆ. ಮೊದ್ಲು ಹರಿದ ತುದಿ ನೋಡು.’

‘ತುದಿ ತಾ ಇಲ್ಲಿ’ ಎಂದರು ಅಪ್ಪ.

ಹರಿದ ತುದಿ ಸುಳ್ಳು ಹೇಳುವುದಿಲ್ಲ. ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆಯೆಂದು ಅರ್ಥ. ಎಲ್ಲೂ ಗಾಯವಿಲ್ಲದೆ ಹಿಗ್ಗಿ ತುಂಡಾಗಿದ್ದರೆ ಡ್ರ್ಯಾಗ್ ಅತಿಯಾಗಿ ಬಿಗಿಯಾಗಿತ್ತೆಂದು ಅರ್ಥ. ಇದು ಎರಡೂ ಆಗಿರಲಿಲ್ಲ. ತುದಿಯಿಂದ ಒಂದು ಮೊಳದವರೆಗೆ ದಾರ ಬೆರಳಿಗೆ ಗರಗರ ಎನ್ನುತ್ತಿತ್ತು. ಎರಡು ತಾಸು ತಳದ ಕಲ್ಲಿನ ಮೇಲೆ ಎಳೆದಾಡಿ ಸವೆದಿತ್ತು. ಹೊರಗೆ ಏನೂ ಕಾಣದು. ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ.

‘ನಿನ್ನ ಕೈ ತಪ್ಪಲ್ಲ ಇದು. ಗಂಟು ಸರಿ ಐತಿ, ಡ್ರ್ಯಾಗೂ ಸರಿ ಐತಿ. ದಾರ ಸವೀತಿತ್ತು, ನಾವಿಬ್ರೂ ನೋಡ್ಲಿಲ್ಲ’ ಎಂದರು.

ಹುಡುಗ ಬಹಳ ಹೊತ್ತು ನೀರು ನೋಡುತ್ತ ನಿಂತ. ಆಮೇಲೆ, ಯಾರೂ ಕೇಳದೆಯೇ, ‘ಫಿಸಿಕ್ಸ್ ನನಗೆ ಎರಡನೇ ತಿಂಗಳಿಂದಾನೇ ತಿಳೀತಿರಲಿಲ್ಲ ಅಪ್ಪಾಜಿ’ ಎಂದ. ಕೋಚಿಂಗ್ ಕ್ಲಾಸಿನಲ್ಲಿ ಪಾಠ ಓಡುತ್ತಿತ್ತು. ತಿಳಿಯಲಿಲ್ಲವೆಂದು ಕೈಯೆತ್ತಲು ನಾಚಿಕೆ. ಮನೆಯಲ್ಲಿ ಹೇಳೋಣವೆಂದರೆ ಅಮ್ಮನ ಕತ್ತು ಖಾಲಿಯಿತ್ತು. ಕೇಳಿದಾಗಲೆಲ್ಲ ‘ಚಲೋ ನಡದೈತಿ’ ಎಂದಿದ್ದ. ಎರಡು ವರ್ಷ ಹಾಗೇ ಎಳೆದಿದ್ದ.

‘ಮೊದ್ಲೇ ಹೇಳಬೇಕಿತ್ತಲ್ಲೋ’ ಎನ್ನಲು ಅಪ್ಪ ಬಾಯಿ ತೆರೆದರು. ಹೇಳಿದ್ದರೆ ತಾವು ಕೇಳುತ್ತಿದ್ದರೇ ಎಂಬ ಪ್ರಶ್ನೆ ಅದರ ಹಿಂದೆಯೇ ಬಂತು. ಎರಡು ವರ್ಷ ತಾವು ಕೇಳಿದ್ದು ‘ಎಷ್ಟು ಬಂತು?’ ಎಂದು ಮಾತ್ರ, ‘ಎಲ್ಲಿ ತಿಳೀಲಿಲ್ಲ?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು, ಸವೆದ ದಾರವನ್ನು ಎರಡು ಮೀಟರಿನಷ್ಟು ಕತ್ತರಿಸಿ, ಸುತ್ತಿ ಜೇಬಿಗೆ ಹಾಕಿಕೊಂಡರು. ದಂಡೆಯಲ್ಲಿ ಬಿಟ್ಟರೆ ನೈಲಾನ್ ನೂರಾರು ವರ್ಷ ಕೊಳೆಯದೆ ಉಳಿದು, ಯಾವ ಮೀಂಚುಳ್ಳಿಯ ಕಾಲಿಗೋ ನೀರುನಾಯಿಯ ಕತ್ತಿಗೋ ಉರುಳಾಗುತ್ತದೆ.

‘ಇನ್ನೊಂದು ಗಂಟು ಹಾಕು’ ಎಂದರು. ಹುಡುಗ ಹಾಕಿದ. ಆ ಸಂಜೆ ಮೀನು ಬರಲಿಲ್ಲ. ಆದರೆ ಬಸ್ಸಿನಲ್ಲಿ ಹುಡುಗ ಕಿಟಕಿಯ ಕಡೆ ತಿರುಗಿ ಕೂರಲಿಲ್ಲ. ಮೀನುಗಳ ಬಗ್ಗೆ ಓದುತ್ತಿದ್ದಾಗ ಕಣ್ಣಿಗೆ ಬಿದ್ದ ಸಂಗತಿಯೊಂದನ್ನು ಹೇಳಿದ. ಮಂಗಳೂರಿನಲ್ಲಿ 1969ರಲ್ಲೇ ಶುರುವಾದ ಮೀನುಗಾರಿಕೆ ಕಾಲೇಜಿದೆಯಂತೆ, ದೇಶದಲ್ಲೇ ಮೊದಲನೆಯದಂತೆ, ಅಲ್ಲಿಗೆ ನೀಟ್ ಬೇಡ, ಸಿಇಟಿ ಸಾಕಂತೆ. ಅಪ್ಪನಿಗೆ ಕೂಡಲೇ ಹತ್ತು ಪ್ರಶ್ನೆ ಎದ್ದವು: ಫೀಸೆಷ್ಟು, ಕೆಲಸ ಸಿಗುತ್ತದೆಯೇ, ಹೋಗಿ ಬಂದ ಮೇಲೆ ಜನ ಏನೆನ್ನುತ್ತಾರೆ? ಒಂದನ್ನೂ ಕೇಳದೆ ‘ವಿಚಾರ ಮಾಡಾನ’ ಎಂದಷ್ಟೇ ಹೇಳಿದರು. ಮೂರು ಲೀಟರಿನ ಬಿಗಿ ಅವರಿಗೆ ಈಗ ಗೊತ್ತಾಗಿತ್ತು.

ಮುಂದಿನ ಭಾನುವಾರ ಪ್ರತಿ ಬೀಸಿಗೂ ಮುಂಚೆ ಹುಡುಗ ಕೊನೆಯ ಎರಡು ಮೊಳ ದಾರದ ಮೇಲೆ ಬೆರಳಾಡಿಸಿದ. ಗರಗರ ಎಂದರೆ ಕತ್ತರಿಸಿ ಮತ್ತೆ ಗಂಟು ಹಾಕಿದ. ಇಳಿಹೊತ್ತಿಗೆ ರೀಲು ಮತ್ತೆ ಕೂಗಿತು. ಮೀನು ಎಳೆದಾಗ ಅವನು ಸುತ್ತಲಿಲ್ಲ. ಸುರುಳಿ ಜಾರುತ್ತಿರುವಾಗ ಸುತ್ತಿದರೆ ದಾರಕ್ಕೆ ಹುರಿಯೇರುತ್ತದೆಯೇ ಹೊರತು ಮೀನು ಹತ್ತಿರ ಬರುವುದಿಲ್ಲ. ಅದು ನಿಂತಾಗ ಸುತ್ತಿದ. ಮತ್ತೆ ಎಳೆಯಿತು, ಮತ್ತೆ ಬಿಟ್ಟ. ಹತ್ತು ನಿಮಿಷದ ಮೇಲೆ ಬೂದುಬೆಳ್ಳಿ ಬಣ್ಣದ ಬಾಳೆಮೀನೊಂದು ದಂಡೆಯ ನೀರಿನಲ್ಲಿ ಪಕ್ಕಕ್ಕೆ ಹೊರಳಿತು. ಅಜ್ಜನ ಅಂದಾಜಿನಲ್ಲಿ ಮೂರು ಕಿಲೋ.

ಅಪ್ಪ ಚೀಲ ಬಿಡಿಸಿದರು. ಹುಡುಗ ತಲೆಯಲ್ಲಾಡಿಸಿದ. ಒಂದು ಕಾಲಕ್ಕೆ ಎಲ್ಲ ಹೊಳೆಗಳಲ್ಲೂ ಧಾರಾಳವಾಗಿದ್ದ ಈ ಮೀನನ್ನು ಈಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಾಗುತ್ತಿರುವ ಜೀವಿಗಳ ಸಾಲಿಗೆ ಸೇರಿಸಿದ್ದಾರೆ ಎಂದ. ಮಳೆಗಾಲದ ಹೊಸ ನೀರಿಗೆ ಇದು ಮೊಟ್ಟೆಯಿಡಬೇಕು ಎಂದ. ಒದ್ದೆ ಕೈಯಿಂದ ಗಾಳ ಬಿಡಿಸಿ, ಮೀನನ್ನು ನೀರಿನಲ್ಲೇ ಒಂದಿಷ್ಟು ಹೊತ್ತು ನೆಟ್ಟಗೆ ಹಿಡಿದು, ಅದು ಬಾಲ ಬೀಸಿದೊಡನೆ ಬಿಟ್ಟ. ಅಜ್ಜ ‘ಹುಚ್ಚು ಹುಡುಗ’ ಎಂದು ನಕ್ಕ.

ಮನೆಯಲ್ಲಿ ಅಮ್ಮ ಖಾಲಿ ಚೀಲ ನೋಡಿ, ‘ಇವತ್ತೂ ಏನಿಲ್ಲೇನು?’ ಎಂದರು.

‘ಸಿಕ್ಕಿತ್ತಮ್ಮ. ಬಿಟ್ಟೆ’ ಎಂದ ಹುಡುಗ.

‘ಹೂಂ, ಬಿಟ್ಟೆ! ಎಷ್ಟು ದೊಡ್ಡದಿತ್ತೋ?’

ಹುಡುಗ ಎರಡು ಕೈಗಳನ್ನು ಎರಡು ಅಡಿಯಷ್ಟು ಅಗಲಿಸಿ ತೋರಿಸಿದ. ಅಮ್ಮ ನಂಬದೆ ಗಂಡನ ಮುಖ ನೋಡಿದರು. ಅವರು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದವರು ನಿಂತು, ಮಗನ ಕೈಗಳ ನಡುವಿನ ಅಳತೆಯನ್ನು ದಿಟ್ಟಿಸಿ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಎತ್ತಿ, ಅದಕ್ಕಿಂತ ಒಂದು ಗೇಣು ಹೆಚ್ಚ಼ಾಗಿಯೇ ಅಗಲಿಸಿ, ‘ಇಷ್ಟಿತ್ತು’ ಎಂದರು.